ಎಡಗಾಲು ಮುಂದಿಡಿ ಎನ್ನುವ ಬೂಟಮ್ಮ

ಬೆಳಿಗ್ಗೆ ಐದೂಮುಕ್ಕಾಲು. ಲೈಸೆನ್ಸ್ ಪರೀಕ್ಷೆ ನಡೆಯುವ ಮೈದಾನದ ಗೇಟಿನ ಪಕ್ಕದಲ್ಲಿ ಒಂದು ತಗಡಿನ ಗೂಡು. ಆಕೆ ಬೀಗ ತೆಗೆದು ಒಳಗೆ ಹೋಗುತ್ತಾರೆ. ಹಳೆಯ ಟವೆಲ್ಲಿನ ತುಂಡಿನಿಂದ ಕಿಟಕಿಯ ಗಾಜು ಒರೆಸುತ್ತಾರೆ, ಆಮೇಲೆ ಮೇಜು, ಆಮೇಲೆ ದಾರ ಕಟ್ಟಿದ ಪೆನ್ನು. ಕೊನೆಗೆ ಮೇಜಿನ ಕೆಳಗಿನಿಂದ ಒಂದು ಶೂ ತೆಗೆಯುತ್ತಾರೆ. ಒಂದೇ ಶೂ, ಎಡಗಾಲಿನದು, ಕಂದು ಬಣ್ಣದ್ದು. ಅದಕ್ಕೆ ಬೇರೆಯೇ ಮೆತ್ತನೆಯ ಬಟ್ಟೆ ಇದೆ. ಹಿಮ್ಮಡಿ ಒರೆಸುತ್ತಾರೆ, ಪಕ್ಕ ಒರೆಸುತ್ತಾರೆ. ತುದಿಯ ಮೇಲಿರುವ ಹೆಬ್ಬೆರಳಗಲದ ಕಪ್ಪು ಗುರುತಿಗೆ ಮಾತ್ರ ಬಟ್ಟೆ ತಾಗಿಸುವುದಿಲ್ಲ. ಶೂವನ್ನು ಇದ್ದಲ್ಲೇ ಇಟ್ಟು ಕುರ್ಚಿ ಎಳೆದುಕೊಳ್ಳುತ್ತಾರೆ.

ಹೊರಗೆ ಆಗಲೇ ಸಾಲು. ಪರೀಕ್ಷೆಗೆ ಬಂದ ಹುಡುಗರು, ಹುಡುಗಿಯರು, ಅವರ ಹಿಂದೆ ಆಕಳಿಸುತ್ತಿರುವ ಅಪ್ಪಂದಿರು. ಬೈಕಿಗೆ ವಿಮೆ ಇಲ್ಲದೆ ಯಾರೂ ಈ ಗೇಟಿನಿಂದ ರಸ್ತೆಗೆ ಇಳಿಯುವಂತಿಲ್ಲ. ಆದ್ದರಿಂದ ಎಲ್ಲರೂ ಈ ಕಿಟಕಿಗೆ ಬರಲೇಬೇಕು. ಕಿಟಕಿಯ ಮೇಲೆ ಕಂಪನಿಯ ಹೆಸರಿನ ಬೋರ್ಡು ಇದೆ, ಆದರೆ ಅದನ್ನು ಓದುವವರು ಕಡಿಮೆ. "ಬೂಟಮ್ಮನ ಹತ್ರ ಹೋಗು" ಎಂದರೆ ಮೈದಾನದಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಈ ಹೆಸರು ಯಾಕೆ ಬಂತೆಂದು ತಿಳಿಯಲು ಹತ್ತು ನಿಮಿಷ ಅಲ್ಲಿ ನಿಂತರೆ ಸಾಕು. ಅರ್ಜಿ ಕೊಡುವ ಮೊದಲು ಆಕೆ ಕುರ್ಚಿಯಿಂದ ಅರ್ಧ ಎದ್ದು, ಕಿಟಕಿಯಿಂದ ಕತ್ತು ಹೊರಚಾಚಿ, ಬಂದವರ ಕಾಲು ನೋಡುತ್ತಾರೆ. ಮುಖ ನೋಡುವುದು ಆಮೇಲೆ.

ಇವತ್ತು ಮೊದಲು ಬಂದವರು ಬೀಗ ರಿಪೇರಿ ಮಾಡುವ ಒಬ್ಬರು, ಜೊತೆಗೆ ಹತ್ತೊಂಬತ್ತರ ಮಗಳು. ಮಗಳಿಗೆ ವೃದ್ಧರ ಆರೈಕೆ ಮನೆಯೊಂದರಲ್ಲಿ ಕೆಲಸ ಸಿಕ್ಕಿದೆ. ಬೆಳಗಿನ ಪಾಳಿ ಶುರುವಾದ ಮೇಲೆಯೇ ಮೊದಲ ಬಸ್ಸು ಬರುವುದು, ಅದಕ್ಕೇ ಬೈಕು.

"ಬೈಕು ಯಾರು ಓಡಿಸೋದು?" ಎಂದು ಆಕೆ ಕೇಳುತ್ತಾರೆ.

"ನಾನೇ" ಎನ್ನುತ್ತಾರೆ ಅಪ್ಪ. "ಇವಳು ಅಪರೂಪಕ್ಕೆ, ಹಬ್ಬಕ್ಕೋ ಹುಣ್ಣಿಮೆಗೋ."

"ಯಜಮಾನ್ರೇ, ಎಡಗಾಲು ಸ್ವಲ್ಪ ಮುಂದಿಡಿ."

"ಯಾಕಮ್ಮ, ಇಲ್ಲಿ ವಿಮೆ ಮಾಡ್ತೀರೋ, ಅಳತೆ ತಗೊಂಡು ಚಪ್ಪಲಿ ಹೊಲೀತೀರೋ?"

ಸಾಲಿನಲ್ಲಿ ನಗು. ಬೂಟಮ್ಮನೂ ನಗುತ್ತಾರೆ, ಆದರೆ ಕಣ್ಣು ಕಾಲಿನ ಮೇಲೆಯೇ. ಅಪ್ಪನ ಎರಡೂ ಶೂಗಳು ಒಂದೇ ರೀತಿ ಹೊಳೆಯುತ್ತಿವೆ. ಮಗಳ ಎಡಗಾಲಿನ ಶೂ ತುದಿಯಲ್ಲಿ ಕಪ್ಪು ಉಜ್ಜುಗುರುತು. ಬೈಕಿನಲ್ಲಿ ಗೇರು ಎಡಗಾಲಿನ ಕೆಲಸ. ಗೇರಿನ ಕಡ್ಡಿಯ ಕೆಳಗೆ ಶೂ ತುದಿ ತೂರಿಸಿ ಮೇಲಕ್ಕೆ ಎತ್ತಬೇಕು, ದಿನಕ್ಕೆ ನೂರಾರು ಸಲ. ಬಾಯಿ ಏನು ಹೇಳಿದರೂ ಎಡಗಾಲು ಸುಳ್ಳು ಹೇಳುವುದಿಲ್ಲ.

"ಮಗಳೇ, ನೀನು ಹೇಳು" ಎನ್ನುತ್ತಾರೆ ಆಕೆ.

ಹುಡುಗಿ ಅಪ್ಪನನ್ನು ನೋಡಿ, ನೆಲ ನೋಡಿ, "ಅಪ್ಪಂಗೆ ಸ್ಟ್ಯಾಂಡ್ ತೆಗೆಯೋದೇ ನೆನಪಿರಲ್ಲ ಮೇಡಂ" ಎನ್ನುತ್ತಾಳೆ.

"ಮನೆ ಮಗಳಾ ನೀನು, ಮನೆಮುರುಕಿಯಾ" ಎಂದು ಅಪ್ಪ ಗೊಣಗುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ.

ಅಪ್ಪ ಹೀಗೆ ಹೇಳಲು ಕಾರಣವಿದೆ. ಕಿಟಕಿಯ ಒಳಗೋಡೆಗೆ ಅಂಟಿಸಿರುವ ಪಟ್ಟಿಯಲ್ಲಿ ಎರಡು ಸಂಗತಿಗಳು ಮುಖ್ಯ: ಓಡಿಸುವವರ ವಯಸ್ಸು, ಅವರ ಕೈಯಲ್ಲಿ ಪೂರ್ಣ ಲೈಸೆನ್ಸ್ ಇರುವ ವರ್ಷಗಳು. ಇಪ್ಪತ್ತು ವರ್ಷ ಲೈಸೆನ್ಸ್ ಇರುವ ನಲವತ್ತೈದರವರು ನೂರು ಕೊಟ್ಟರೆ, ಅದೇ ಬೈಕಿಗೆ ಹದಿನೆಂಟರ ಹೊಸಬ ಇನ್ನೂರ ಅರವತ್ತು ಕೊಡಬೇಕು. ಕಲಿಕೆಯ ಲೈಸೆನ್ಸ್ ಮಾತ್ರ ಇದ್ದರೆ ಮುನ್ನೂರು ದಾಟುತ್ತದೆ. ಒಂದೊಂದು ವರ್ಷ ಬೀಳದೆ, ಪರಿಹಾರ ಕೇಳದೆ ಕಳೆದಂತೆ ಮೊತ್ತ ಇಳಿಯುತ್ತದೆ. ಅದಕ್ಕೇ ಅಪ್ಪಂದಿರಿಗೆ ಒಂದು ಉಪಾಯ ಹೊಳೆಯುತ್ತದೆ. ಓಡಿಸುವುದು ಮಕ್ಕಳು, ಬರೆಸುವುದು ತಮ್ಮ ಹೆಸರು.

"ದಿನಕ್ಕೆ ನಲವತ್ತು ಅರ್ಜಿ ಬಂದ್ರೆ ಎಂಟು ಹತ್ತು ಜನ ಹೀಗೇ ಬರ್ತಾರೆ" ಎನ್ನುತ್ತಾರೆ ಬೂಟಮ್ಮ. "ಕೆಟ್ಟವರಲ್ಲ ಪಾಪ. ನಾಲ್ಕು ಕಾಸು ಉಳಿದ್ರೆ ಮಗೂಗೆ ಒಳ್ಳೇ ಹೆಲ್ಮೆಟ್ ಕೊಡಿಸೋಣ ಅನ್ನೋರೇ ಜಾಸ್ತಿ. ಆದ್ರೆ ಬಿದ್ದ ದಿನ ಕಂಪನಿ ಕೇಳೋದು ಒಂದೇ. ಓಡಿಸ್ತಾ ಇದ್ದೋರು ಯಾರು? ಹೆಸರು ಬೇರೆ ಅಂದ್ರೆ ಮುಗೀತು, ಆ ಕಾಗದದಲ್ಲಿ ಕಡಲೆಕಾಯಿ ಕಟ್ಟಬೇಕು."

ಬೀಗದವರನ್ನು ಆಕೆ ಬರಿಗೈಯಲ್ಲಿ ಕಳಿಸುವುದಿಲ್ಲ. ಒಂದು ಹಾಳೆ ಎಳೆದುಕೊಂಡು ಕೇಳುತ್ತಾ ಹೋಗುತ್ತಾರೆ. ಬೈಕು ಕೊಂಡಾಯಿತೇ? ಇಲ್ಲ, ಮುಂಗಡ ಅಷ್ಟೇ; ಕಲಿತದ್ದು ಚಿಕ್ಕಪ್ಪನ ಬೈಕಿನಲ್ಲಿ. ಹಾಗಾದರೆ ಚಿಕ್ಕ ಇಂಜಿನ್ನಿನದು ನೋಡಿ. ಎಲ್ಲಿ ನಿಲ್ಲಿಸುತ್ತೀರಿ? ಬೀದಿಯಲ್ಲಿ. ಅಂಗಡಿಯ ಷಟರ್ ಒಳಗೆ ನಿಲ್ಲಿಸಲಾಗದೇ? ಆಗುತ್ತದೆ. ಮೈದಾನದ ಹತ್ತು ದಿನದ ತರಬೇತಿ ಆಗಿದೆಯೇ? ಇಲ್ಲ. ಮುಗಿಸಿದರೆ ಮೊತ್ತ ಇಳಿಯುತ್ತದೆ. ಪೂರ್ಣ ಲೈಸೆನ್ಸ್ ಕೈಗೆ ಬರುವುದು ಯಾವಾಗ? ಪರೀಕ್ಷೆ ಪಾಸಾದರೆ ಹನ್ನೊಂದು ದಿನಕ್ಕೆ.

"ಹನ್ನೊಂದು ದಿನ ತಡ್ಕೋ ಮಗಳೇ. ಇವತ್ತೇ ಮಾಡಿಸಿದ್ರೆ ಕಲಿಯೋರ ದರ ಬೀಳುತ್ತೆ. ಅಲ್ಲೀವರೆಗೆ ಅಪ್ಪ ಚಿಕ್ಕಪ್ಪನ ಬೈಕಲ್ಲೇ ಬಿಟ್ಟು ಬರಲಿ. ಹೇಗೂ ಅವರೇ ಓಡಿಸ್ತೀನಿ ಅಂದ್ರಲ್ಲ."

ಬೀಗದವರು ತಲೆ ಕೆರೆದುಕೊಳ್ಳುತ್ತಾರೆ. ಹಾಳೆಯ ಕೊನೆಯಲ್ಲಿ ಬಂದ ಮೊತ್ತ ಇವತ್ತೇ ಮಗಳ ಹೆಸರಿಗೆ ಮಾಡಿಸಿದ್ದರೆ ಬೀಳುತ್ತಿದ್ದುದಕ್ಕಿಂತ ಮೂರನೇ ಒಂದು ಭಾಗ ಕಡಿಮೆ. ಹೆಸರು ಮಗಳದ್ದೇ. ಹೋಗುವಾಗ ಅವರು, "ನಿಮ್ಮ ಬೀಗ ಕೆಟ್ರೆ ಹೇಳಿ ಕಳಿಸಿ, ಪುಕ್ಕಟೆ" ಎನ್ನುತ್ತಾರೆ. "ಕೆಡೋ ಬೀಗ ಹಾಕಿದ್ದೂ ನೀವೇ" ಎಂದು ಬೂಟಮ್ಮ ಹೇಳಿ ಮುಂದಿನವರ ಕಾಲು ನೋಡುತ್ತಾರೆ.

ಆಕೆಗೆ ಈಗ ನಲವತ್ತೊಂಬತ್ತು. ಕಂಪನಿ ಸೇರಿ ಹದಿನೇಳು ವರ್ಷ. ಮೊದಲ ಹನ್ನೊಂದು ವರ್ಷ ಪೇಟೆಯ ದೊಡ್ಡ ಕಚೇರಿಯಲ್ಲಿ, ಎರಡನೇ ಮಹಡಿಯಲ್ಲಿ, ತಿರುಗುವ ಕುರ್ಚಿ ಮತ್ತು ಕಿಟಕಿಯ ಪಕ್ಕದ ಮೇಜು. ಅಲ್ಲಿಂದ ಈ ತಗಡಿನ ಗೂಡಿಗೆ ಬಂದದ್ದು ಹೇಗೆ ಎಂದು ಕೇಳಿದರೆ ಮೇಜಿನ ಕೆಳಗೆ ಬಗ್ಗಿ ಆ ಒಂಟಿ ಶೂ ತೆಗೆದು ಅರ್ಜಿಗಳ ಮೇಲೆ ಇಡುತ್ತಾರೆ.

"ನಮ್ಮಕ್ಕನ ಮಗಂದು" ಎನ್ನುತ್ತಾರೆ.

ಆರು ವರ್ಷದ ಹಿಂದಿನ ಮಾತು. ಅಕ್ಕನ ಮಗನಿಗೆ ಹದಿನೆಂಟು ತುಂಬಿ, ಲೈಸೆನ್ಸ್ ಬಂದು, ದೊಡ್ಡ ಬೈಕು ಬಂತು. ವಿಮೆಯ ಮೊತ್ತ ಕೇಳಿ ಅಕ್ಕ ನೇರ ತಂಗಿಯ ಬಳಿ ಬಂದಳು. "ಪೆನ್ನು ನಿನ್ನ ಕೈಯಲ್ಲೇ ಇದೆಯಲ್ಲೇ, ನಿಮ್ಮ ಭಾವನ ಹೆಸರು ಬರೆದುಬಿಡು" ಎಂದಳು. ಭಾವನಿಗೆ ಇಪ್ಪತ್ತೈದು ವರ್ಷದ ಲೈಸೆನ್ಸ್ ಇತ್ತು. ತಂಗಿ ಬರೆದಳು.

ನಾಲ್ಕು ತಿಂಗಳಿಗೆ, ಒಂದು ಒದ್ದೆ ಬೆಳಿಗ್ಗೆ, ಹುಡುಗ ತಿರುವಿನಲ್ಲಿ ಜಾರಿ ನಿಂತಿದ್ದ ವ್ಯಾನಿಗೆ ಬಡಿದ. ಕಾಲು ಎರಡು ಕಡೆ ಮುರಿಯಿತು. ವಾರದ ನಂತರ ಕಂಪನಿಯ ತನಿಖೆಯವರು ಮನೆಗೆ ಬಂದರು. ಭಾವ ತಾನೇ ದಿನಾ ಓಡಿಸುವುದು, ಮಗ ಅವತ್ತೊಂದು ದಿನ ತೆಗೆದುಕೊಂಡು ಹೋದ ಎಂದರು. ತನಿಖೆಯವರು ನೀರು ಕುಡಿದು, ಹೋಗಿಬರುತ್ತೇನೆ ಎಂದು ಎದ್ದು, ಬಾಗಿಲ ಬಳಿ ಚಪ್ಪಲಿಗಳ ಹಲಗೆಯ ಮುಂದೆ ನಿಂತರು.

"ಭಾವನ ಶೂ ಕೈಗೆ ತಗೊಂಡ್ರು, ನೋಡಿದ್ರು, ಇಟ್ರು. ಆಮೇಲೆ ಇದನ್ನ ತಗೊಂಡ್ರು. ತುದಿಯಲ್ಲಿ ಬೆರಳಾಡಿಸಿದ್ರು. ಅವರು ಹೋದ ಮೇಲೆ ನಮ್ಮಕ್ಕ ಈ ಶೂನ ಅಂಗಳಕ್ಕೆ ಬಿಸಾಕಿದಳು. ನಾನು ಎತ್ತಿಟ್ಕೊಂಡೆ."

ಪರಿಹಾರ ಬರಲಿಲ್ಲ. ಆಸ್ಪತ್ರೆಗೂ ವ್ಯಾನಿನವರಿಗೂ ಕೊಡಲು ಅಕ್ಕ ತನ್ನ ಎರಡು ಹೊಲಿಗೆ ಯಂತ್ರಗಳನ್ನು ಮಾರಿದಳು. ತಂಗಿ ಕಚೇರಿಗೆ ಹೋಗಿ, ಬರೆದವಳು ನಾನೇ ಎಂದು ಒಪ್ಪಿಕೊಂಡಳು. ಎರಡನೇ ಮಹಡಿಯಿಂದ ಈ ಗೂಡಿಗೆ ಇಳಿದದ್ದು ಹಾಗೆ. ಅದರ ಬಗ್ಗೆ ಆಕೆಗೆ ದೂರಿಲ್ಲ. "ಉಪ್ಪು ತಿಂದೋಳು ನೀರು ಕುಡೀಬೇಕು. ಇಲ್ಲಿ ಗಾಳಿ ಚೆನ್ನಾಗಿದೆ" ಎನ್ನುತ್ತಾರೆ.

ಇನ್ನೊಂದು ಮಾತು ಮಾತ್ರ ಮುಳ್ಳಿನಂತೆ ಉಳಿದಿದೆ. ಅಕ್ಕ ಮಾತು ಬಿಡುವ ಮೊದಲು ಕೊನೆಯದಾಗಿ ಆಡಿದ್ದು. "ನಾನು ತಿಳೀದೆ ಕೇಳಿದೆ. ನೀನು ತಿಳಿದೋಳು, ಬೇಡ ಅನ್ನಬೇಕಿತ್ತು."

"ಅದು ನಿಜ" ಎನ್ನುತ್ತಾರೆ ಬೂಟಮ್ಮ. "ಬೇಡ ಅನ್ನೋಕೇ ಅಲ್ವಾ ನನ್ನನ್ನ ಅಲ್ಲಿ ಕೂರಿಸಿದ್ದು."

ಅಂದಿನಿಂದ ಇಂದಿನವರೆಗೆ ಈ ಕಿಟಕಿಯಲ್ಲಿ ಒಂದೂ ತಪ್ಪು ಹೆಸರು ದಾಟಿಲ್ಲ ಎಂದು ಗೇಟು ಕಾಯುವವರು ಹೇಳುತ್ತಾರೆ. ಬೈಗುಳ ತಿಂದದ್ದು ಮಾತ್ರ ಲೆಕ್ಕವಿಲ್ಲ. "ನಿಮ್ಮಪ್ಪನ ಮನೆ ಗಂಟಾ" ಎಂದವರಿದ್ದಾರೆ. ಬೀಳದೆ ವರ್ಷ ಕಳೆದು, ಕಡಿಮೆಯಾದ ಮೊತ್ತದ ಕಾಗದ ಹಿಡಿದು, ಸುಮ್ಮನೆ ತೋರಿಸಿ ಹೋಗಲು ಬಂದವರೂ ಇದ್ದಾರೆ. ಅವರ ಕಾಲನ್ನೂ ಆಕೆ ನೋಡುತ್ತಾರೆ, ಅಭ್ಯಾಸಬಲ.

ಅಕ್ಕನ ಮಗನಿಗೆ ಈಗ ಇಪ್ಪತ್ತನಾಲ್ಕು. ಕಾಲು ಸರಿಹೋಗಿದೆ. ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ. ಆಸ್ಪತ್ರೆಗಳಿಂದ ಪರೀಕ್ಷಾಲಯಕ್ಕೆ ರಕ್ತದ ಮಾದರಿ ಒಯ್ಯುವ ಕೆಲಸಕ್ಕೆ ಅವನನ್ನು ಕರೆದಿದ್ದಾರೆ. ಸಂಬಳ ಹೆಚ್ಚು, ಆದರೆ ಬೈಕು, ವಿಮೆ ಎರಡೂ ಅವನದೇ ಇರಬೇಕು. ಅವನ ಲೈಸೆನ್ಸ್ ಅಕ್ಕನ ಬೀರುವಿನಲ್ಲಿ, ಹೊದಿಕೆಗಳ ಕೆಳಗೆ, ಆರು ವರ್ಷದಿಂದ ಮಲಗಿದೆ. ಅದರ ಅವಧಿ ನಾಡಿದ್ದು ಮುಗಿಯುತ್ತದೆ. ಅಷ್ಟರೊಳಗೆ ನವೀಕರಿಸಿದರೆ ಪಟ್ಟಿಯಲ್ಲಿ ಅವನು ಆರು ವರ್ಷದವನು. ತಪ್ಪಿದರೆ ಸೊನ್ನೆ, ನಿನ್ನೆ ಮೊನ್ನೆ ಕಲಿತವರ ಸಾಲು. ಆ ಮೊತ್ತಕ್ಕೆ ಅರ್ಧ ಸಂಬಳ ಹೋಗುತ್ತದೆ.

"ಆಗ ಮತ್ತೆ ಅಪ್ಪನ ಹೆಸರು ಬರೆಸೋ ಆಸೆ ಹುಟ್ಟುತ್ತೆ" ಎನ್ನುತ್ತಾರೆ. "ಲೈಸೆನ್ಸಿಗೇನು, ಬೀರುವಲ್ಲಿ ಮಲಗಿದ್ರೂ ವಯಸ್ಸಾಗುತ್ತೆ. ಪಟ್ಟಿಗೆ ಅಷ್ಟು ಸಾಕು, ನನಗೆ ಸಾಲದು. ಮೊದಲು ಇಲ್ಲಿ ಹತ್ತು ದಿನ ತರಬೇತಿ ಮಾಡು, ಆಮೇಲೆ ರಸ್ತೆಗಿಳಿ ಅಂತ ಹೇಳಿದೀನಿ. ಹ್ಞೂಂ ಚಿಕ್ಕಮ್ಮ ಅಂದಿದಾನೆ. ಆದ್ರೆ ಅಮ್ಮ ತೆಗೆದುಕೊಟ್ರೇ ಮುಟ್ಟೋದು ಅಂತಾನೆ. ಅದೂ ಸರೀನೇ."

ನಲವತ್ತಮೂರು ಅರ್ಜಿ ಮುಗಿಸಿ, ಗೂಡಿಗೆ ಬೀಗ ಹಾಕಿ, ಸಂಜೆ ಆರಕ್ಕೆ ಮನೆ ಸೇರುತ್ತಾರೆ. ಒಂದೇ ಮನೆ, ಎರಡು ಅಂತಸ್ತು. ಕೆಳಗೆ ತಂಗಿ, ಮೇಲೆ ಅಕ್ಕ. ನಡುವೆ ಹದಿನಾಲ್ಕು ಮೆಟ್ಟಿಲು. ಆರು ವರ್ಷದಿಂದ ಸೊಪ್ಪು, ಪತ್ರಿಕೆ, ಕರೆಂಟ್ ಬಿಲ್ಲು ಎಲ್ಲ ಏಳನೇ ಮೆಟ್ಟಿಲಿನವರೆಗೆ ಬಂದು ಅಲ್ಲಿಂದ ಹೋಗುತ್ತವೆ. ಮೊನ್ನೆ ಆಕೆಗೆ ಜ್ವರ ಬಂದಾಗ ಅದೇ ಮೆಟ್ಟಿಲ ಮೇಲೆ ಗಂಜಿಯ ಪಾತ್ರೆ ಇತ್ತು, ತಟ್ಟೆ ಮುಚ್ಚಿ. ಅಕ್ಕ ಕರೆಯಲಿಲ್ಲ, ಅಷ್ಟೇ.

ಚೀಲವನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು ಬೂಟಮ್ಮ ಕತ್ತೆತ್ತುತ್ತಾರೆ. ಮೇಲೆ ನಲ್ಲಿ ಹರಿಯುವ ಸದ್ದು, ಪಾತ್ರೆ ತೊಳೆಯುವ ಸದ್ದು.

"ಅಕ್ಕಾ, ಅವನ ಲೈಸೆನ್ಸ್ ತೆಗೆದುಕೊಡೇ. ನಾಡಿದ್ದು ಕೊನೇ ದಿನ."

ನಲ್ಲಿ ನಿಲ್ಲುತ್ತದೆ. ಹೆಜ್ಜೆ ಕೇಳಿಸುವುದಿಲ್ಲ. ಬೂಟಮ್ಮ ಮೆಟ್ಟಿಲ ಮೇಲೆ ಕೂತು ಶೂ ದಾರ ಬಿಚ್ಚುತ್ತಾರೆ, ಮೊದಲು ಬಲಗಾಲಿನದು, ಆಮೇಲೆ ಎಡಗಾಲಿನದು. ಎರಡನ್ನೂ ಜೋಡಿಸಿ ಗೋಡೆಗೆ ಒತ್ತಿ ಇಡುತ್ತಾರೆ.

"ಈ ಸಲ ಅವನ ಹೆಸರೇ ಬರೀತೀನಿ ಅಕ್ಕಾ. ಏಳನೇ ಮೆಟ್ಟಿಲ ಮೇಲೆ ಇಟ್ರೂ ಸಾಕು."

ನಲ್ಲಿ ಮತ್ತೆ ಶುರುವಾಗುವುದಿಲ್ಲ.