ಗೋಡೆಯ ಮೇಲಿನ ಬಾಯಿ

ಇಂಗ್ಲಿಷಿನಲ್ಲಿ ‘ಥಿಂಕ್’ ಅನ್ನಬೇಕಾದರೆ ನಾಲಿಗೆಯ ತುದಿ ಹಲ್ಲುಗಳ ನಡುವೆ ಇಣುಕಬೇಕಂತೆ. ಹಗರಿಬೊಮ್ಮನಹಳ್ಳಿಯಲ್ಲಿ ನಡೆದ ಇಂಗ್ಲಿಷ್ ಮಾಸ್ತರರ ತರಬೇತಿಯಲ್ಲಿ ಹೀಗೆ ಹೇಳಿ, ಒಂದು ಸಿ.ಡಿ. ಕೊಟ್ಟು ಕಳಿಸಿದ್ದರು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಕೂಡ್ಲಿಗಿ ಕಡೆಯ ನಮ್ಮ ಹೈಸ್ಕೂಲಿಗೆ ಆಗಷ್ಟೇ ಕಂಪ್ಯೂಟರು, ಪ್ರೊಜೆಕ್ಟರು ಬಂದಿದ್ದವು. ಕರೆಂಟು ಹೋದೀತು, ಬಲ್ಬು ಸುಟ್ಟೀತು, ಅದು ಸುಟ್ಟರೆ ಹೆಡ್‌ಮಾಸ್ತರರು ನನ್ನನ್ನೇ ಸುಟ್ಟಾರು ಎಂದು ಹೆದರುತ್ತಲೇ ಸಿ.ಡಿ. ಹಾಕಿದೆ.

ಗೋಡೆಯ ಮೇಲೆ ಬಾಗಿಲಗಲದ ಒಬ್ಬ ಬಿಳಿಯನ ಬಾಯಿ. ಒದ್ದೆ ನಾಲಿಗೆ ಹೊರಬಂತು, ಒಳಹೋಯಿತು. ಎಂಜಲಿನ ಎಳೆಯೊಂದು ಹೊಳೆಯಿತು.

“ಛೀ, ಹೇಸಿಗಿ ಬರ್ತೈತ್ರಿ ಸರ್!” ಎಂದ ಹಿಂದಿನ ಬೆಂಚಿನವನೊಬ್ಬ.

“ನೀವೂ ಹಂಗ ನಾಲಿಗಿ ಹೊರಗ ಹಾಕ್ರಿ” ಎಂದೆ.

“ಮಾಸ್ತರಿಗೆ ನಾಲಿಗಿ ತೋರಿಸಿದ್ರ ನಮ್ಮವ್ವ ಬರಿ ಹಾಕ್ತಾಳ್ರಿ!”

ಪರದೇಶದ ಬಾಯಿ, ಅದಕ್ಕೇ ಅಸಹ್ಯ. ನಮ್ಮವರದ್ದೇ ಆದರೆ ನೋಡಿ ಕಲಿತಾರು ಎಂದು ನನ್ನ ಜಾಣತನ. ಕೊಟ್ಟೂರಿನಲ್ಲಿ ಮದುವೆ ವಿಡಿಯೋ ತೆಗೆಯುವವನನ್ನು ಕಾಡಿ ಬೇಡಿ ಕ್ಯಾಮೆರಾ ತಂದೆ. ತರಗತಿಯಲ್ಲಿ ಹೆದರದೆ ಇಂಗ್ಲಿಷ್ ಓದುತ್ತಿದ್ದವಳು ಮೊದಲ ಬೆಂಚಿನ ಹುಡುಗಿಯೊಬ್ಬಳೇ. ಅವಳ ಬಾಯಿಯನ್ನು ಹತ್ತಿರದಿಂದ ಹಿಡಿದೆ. ನಾಲಿಗೆ ಬಲು ಸರಿಯಾಗಿ ಬಂದಿತ್ತು. ನಾನು ನಾಲಿಗೆಯನ್ನಷ್ಟೇ ನೋಡಿದ್ದೆ.

ಮರುದಿನ ಗೋಡೆಯ ಮೇಲೆ ಬಂದದ್ದು ಹಲ್ಲು. ನಮ್ಮ ಕಡೆಯ ಬೋರಿನ ಫ್ಲೋರೈಡ್ ನೀರು ಕುಡಿದ ಹಲ್ಲು: ಕಂದು ಪಟ್ಟೆ, ಹಳದಿ ಗುಳಿ, ಒಂದೊಂದೂ ಹಂಚಿನಷ್ಟು ದೊಡ್ಡದು.

“ಬೆಲ್ಲದಚ್ಚು ನೋಡ್ರಲೇ!”

ಇಡೀ ತರಗತಿ ನಕ್ಕಿತು. ನಗುವ ಬಾಯಿಗಳಲ್ಲೂ ಅದೇ ಹಲ್ಲು. ಮೌಸು ಎಲ್ಲಿ ಒತ್ತಿದರೂ ಚಿತ್ರ ನಿಲ್ಲಲೊಲ್ಲದು. ಥಿಂಕ್, ಥಿಂಕ್, ಥಿಂಕ್. ಕೊನೆಗೆ ವೈರನ್ನೇ ಕಿತ್ತೆ.

ಅಂದಿನಿಂದ ಅವಳು ಓದುವುದನ್ನು ಬಿಟ್ಟಳು. ಎಬ್ಬಿಸಿದರೆ ಎದ್ದು ನಿಲ್ಲುತ್ತಿದ್ದಳು, ತುಟಿ ಬಿಚ್ಚುತ್ತಿರಲಿಲ್ಲ. ವಾರ ಕಳೆದ ಮೇಲೆ ವರಾಂಡದಲ್ಲಿ ನಿಲ್ಲಿಸಿಕೊಂಡು, “ನನ್ನಿಂದ ತಪ್ಪಾತವ್ವ, ಓದುವಂತಿ ಬಾ” ಎಂದೆ.

“ನಿಮ್ಮ ಬಾಯೇ ತೋರಿಸಬೇಕಿತ್ತಲ್ರಿ ಸರ್” ಎಂದಳು, ನೆಲ ನೋಡುತ್ತ.

ತೋರಿಸಬಹುದಿತ್ತು. ಇದೇ ಸೀಮೆಯ ನೀರಿನಲ್ಲಿ ಬೆಳೆದ ನನ್ನ ಹಲ್ಲಿಗೂ ಅದೇ ಬಣ್ಣ. ಮೀಸೆಯನ್ನು ತುಟಿಯ ಮೇಲೆ ಇಳಿಬಿಟ್ಟದ್ದು ಅದಕ್ಕೇ, ಕ್ಯಾಮೆರಾದ ಮುಂದೆ ಅವಳನ್ನು ಕೂರಿಸಿದ್ದೂ ಅದಕ್ಕೇ. ಆ ಬಿಳಿಯನ ಎಂಜಲನ್ನಾದರೂ ಮರೆತೇನು; ಇದನ್ನು ನೆನೆದರೆ ಇವತ್ತಿಗೂ ನನ್ನ ಮೇಲೇ ವಾಕರಿಕೆ ಬರುತ್ತದೆ.

ಅವಳು ಹಾಗೆಂದ ಮರುದಿನ ಮೀಸೆಯನ್ನು ಬೆರಳಿನಿಂದ ಎತ್ತಿ, ಹಲ್ಲು ಬಿಟ್ಟು, ತರಗತಿಗೆ ನಾಲಿಗೆ ತೋರಿಸಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. ಎದ್ದು ನಿಂತು, ಪುಸ್ತಕವನ್ನು ಮೂಗಿನವರೆಗೆ ಏರಿಸಿಕೊಂಡು ಓದತೊಡಗಿದಳು. ಹತ್ತನೇ ತರಗತಿ ಮುಗಿಯುವವರೆಗೂ ಹಾಗೆಯೇ ಓದಿದಳು.