ಪತ್ರಾವಳಿಯ ಕಡ್ಡಿ ಕಂಡವರು

ನಾಗಪುರದ ಮೇ ತಿಂಗಳಲ್ಲಿ ಸ್ವೆಟರ್ ತೊಟ್ಟು ಬೀದಿಗೆ ಬರುತ್ತಿದ್ದವರು ಅವರೊಬ್ಬರೇ. ಧರಮಪೇಠದ ಅವರ ಸ್ಕ್ಯಾನ್ ಕೇಂದ್ರದಲ್ಲಿ ಯಂತ್ರದ ಸಲುವಾಗಿ ಕೋಣೆಯನ್ನು ತಣ್ಣಗೆ ಇಟ್ಟಿರುತ್ತಿದ್ದರು. ಮೊಣಕೈಯಲ್ಲಿ ತೂತು ಬಿದ್ದ ಆ ಕಂದು ಸ್ವೆಟರಿನಲ್ಲೇ ಹೊರಗೆ ಬಂದು, ಬೆವರುತ್ತ ಚಹಾ ಕುಡಿದು ಒಳಗೆ ಹೋಗುವರು. ಬಿಚ್ಚಿಡಬಾರದೇ ಎಂದರೆ, "ಮತ್ತ ಹಾಕ್ಕೊಳ್ಳೂದ ಅದಲ್ಲ, ಸುಮ್ನ ಯಾಕ ತ್ರಾಸು?" ಎನ್ನುವರು. ಧಾರವಾಡದ ಕಡೆಯವರು. ನಮ್ಮ ಕನ್ನಡದ ಮನೆಗಳಿಗೆಲ್ಲ 'ಫೋಟೋ ಡಾಕ್ಟರು'.

ಚಿತ್ರ ನೋಡುವ ಡಾಕ್ಟರಿಗೆ ರೋಗಿಯ ಜೊತೆ ಹರಟೆಯ ಕೆಲಸವಿಲ್ಲ. ಇವರು ಮಾತ್ರ ಕುರ್ಚಿ ಎಳೆದುಕೊಂಡು ಕೂತು ಊಟ, ಊರು, ಪ್ರಯಾಣ ಎಲ್ಲವನ್ನೂ ಕೆದಕುವರು. ಹೊರಗೆ ಕಾದವರು ಮರಾಠಿಯಲ್ಲಿ ಗೊಣಗಿದರೂ ಕಿವಿಗೆ ಹಾಕಿಕೊಳ್ಳರು. "ಮಶೀನಿಗೆ ಹೊಟ್ಟಿ ಕಾಣಸ್ತದ. ಉಂಡದ್ದು ಅದಕ್ಕ ಹೆಂಗ ಗೊತ್ತಾಗಬೇಕು?" ಎಂಬುದು ಅವರ ಮಾತು.

ತೊಂಬತ್ತರ ದಶಕದ ಕೊನೆಯ ಮಾತಿದು. ನಾನಾಗ ಬ್ಯಾಂಕಿನ ಕೆಲಸದಲ್ಲಿದ್ದೆ, ಮಕ್ಕಳಿಬ್ಬರೂ ಚಿಕ್ಕವರು. ನನ್ನ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು. ಒಬ್ಬ ಡಾಕ್ಟರು ಗ್ಯಾಸ್ ಎಂದರು, ಇನ್ನೊಬ್ಬರು ಮೂತ್ರಕೋಶದ ಕಲ್ಲು ಎಂದರು. ಅಷ್ಟರಲ್ಲಿ ಜ್ವರ ಏರಿ, ಅವಳು ಮುಟ್ಟಿದರೆ ಚೀರುವಂತಾದಳು. ಫೋಟೋ ಡಾಕ್ಟರ ಬಳಿಗೆ ಕರೆದೊಯ್ದೆ.

ಸ್ಕ್ಯಾನ್ ಮಾಡಿ, ಬಹಳ ಹೊತ್ತು ಚಿತ್ರ ನೋಡಿ, ಅವರು ಅವಳ ಪಕ್ಕ ಬಂದು ಕೂತರು.

"ಇತ್ತೀಚಿಗೆ ಎಲ್ಲೆರೆ ಎಲಿ ಮ್ಯಾಲೆ ಊಟಕ್ಕ ಕೂತಿದ್ರೇನ್ರಿ?"

"ಮಠದಾಗ ಆರಾಧನಿ ಇತ್ತರಿ," ಅವಳು ನರಳುತ್ತ ಹೇಳಿದಳು. "ಬಡಿಸೂದು ಮುಗಿಸಿ, ಕಡೀ ಪಂಕ್ತಿಗೆ ಗಡಿಬಿಡಿಲೆ ಉಂಡೆ."

"ಬಾಳಿ ಎಲಿನೋ, ಪತ್ರಾವಳಿನೋ?"

"ಪತ್ರಾವಳಿರಿ."

ಅವರು ಫಿಲ್ಮನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಕರುಳಿನ ಮಗ್ಗುಲಲ್ಲಿ ಒಂದು ಸಣ್ಣ ಗೆರೆ, ಅದರ ಸುತ್ತ ಮಬ್ಬು. "ಕಲ್ಲಲ್ಲ ಇದು. ಎಲಿ ಹಚ್ಚಿದ ಕಡ್ಡಿ. ಹುಳಿ ಅನ್ನದ ಜೋಡಿ ಒಳಗ ಹೋಗಿ ಕರುಳಿಗೆ ಚುಚ್ಚೇದ. ಇವತ್ತ ತಗೀಬೇಕು."

ಸರ್ಜನ್ ಫೋನಿನಲ್ಲಿ ನಂಬಲಿಲ್ಲ. ನಾಳೆ ನೋಡೋಣ ಎಂದರಂತೆ. ಇವರು ಉಳಿದ ರೋಗಿಗಳನ್ನು ಕೂರಿಸಿ, ಫಿಲ್ಮ್ ಹಿಡಿದು ಸ್ಕೂಟರ್ ಏರಿ ಆಸ್ಪತ್ರೆಗೇ ಹೋದರು. ಒಣ ಎಲೆಗಳಿಗೆ ಕಡ್ಡಿ ಚುಚ್ಚಿ ಪತ್ರಾವಳಿಯನ್ನು ಹೇಗೆ ಹಚ್ಚುತ್ತಾರೆ, ಕಡ್ಡಿ ಹೇಗೆ ಸಡಿಲಾಗುತ್ತದೆ ಎಂದು ಕೈಯಲ್ಲೇ ಮಾಡಿ ತೋರಿಸಿ ಒಪ್ಪಿಸಿದರು. ಸಂಜೆಗೆ ಕಡ್ಡಿ ಹೊರಗೆ ಬಂತು. ತಡವಾಗಿದ್ದರೆ ಕೀವು ಹೊಟ್ಟೆಯೆಲ್ಲ ಹರಡುತ್ತಿತ್ತು ಎಂದು ಸರ್ಜನ್ನೇ ಹೇಳಿದರು. ಕಾಲಿಗೆರಗಲು ಹೋದ ನನ್ನನ್ನು ಇವರು ತಡೆದರು. "ನಾ ನೋಡಿದೆ ಅಷ್ಟ. ಕೊಯ್ದವರಿಗೆ ಕೈ ಮುಗೀರಿ."

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಫೋನ್ ಬಂತು. ಫೋಟೋ ಡಾಕ್ಟರಿಗೆ ಹೃದಯಾಘಾತ, ಆಸ್ಪತ್ರೆ ಮುಟ್ಟಲೂ ಇಲ್ಲ. ಹೆಂಡತಿಗೆ ತಿಳಿಸಿದೆ. ಅವಳು ಬಚ್ಚಲಿಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡಳು. ನಮ್ಮಲ್ಲಿ ತವರಿನವರು ತೀರಿಕೊಂಡಾಗ ಮದುವೆಯಾದ ಹೆಣ್ಣುಮಕ್ಕಳು ಹಾಗೆ ಮಾಡುತ್ತಾರೆ, ಮೂರು ದಿನ ದೇವರನ್ನು ಮುಟ್ಟುವುದಿಲ್ಲ.

ಒದ್ದೆ ಸೀರೆಯಲ್ಲೇ ಬಾಗಿಲಿಗೆ ಬಂದು, "ಮೂರು ದಿನ ದೇವರ ದೀಪಾ ನೀವ ಹಚ್ಚರಿ," ಎಂದಳು.

ನಾನು ಹಚ್ಚಿದೆ.