ಮಾರ್ಗಿಟ್ ಮನೆಯ ಕೇಪಿನ ಕೋವಿ

ಹರಾಜಿಗೆ ಮುಂಚೆ ಸಾಮಾನು ನೋಡಲು ಬಿಡುವ ದಿನ ಆ ಶೆಡ್ಡಿನ ಬಾಗಿಲು ತಳ್ಳಿದರೆ ಮೊದಲು ಮೂಗಿಗೆ ಬಡಿಯುವುದು ಕೋವಿಗೆ ಹಚ್ಚುವ ಎಣ್ಣೆಯ ವಾಸನೆ. ಹೊಲಿಗೆ ಮಿಷಿನ್ನಿನ ಎಣ್ಣೆಗೆ ಒಂದಿಷ್ಟು ತುಕ್ಕು, ಒಂದಿಷ್ಟು ಹಳೆಯ ಮರದ ಪೆಟ್ಟಿಗೆಯ ಒಳಗಿನ ಗಾಳಿ ಸೇರಿಸಿದರೆ ಹೇಗಿರುತ್ತದೋ ಹಾಗೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಹೊರಗಿರುವ ಆ ಜಾಗಕ್ಕೆ ನಾನು ವರ್ಷಕ್ಕೆ ಎರಡು ಸಲ ಹೋಗುತ್ತೇನೆ. ಏನೂ ಕೊಳ್ಳುವುದಿಲ್ಲ. ಅಲ್ಲಿ ಸೇರುವವರೆಲ್ಲ ಹೆಚ್ಚುಕಡಿಮೆ ಗಂಡಸರೇ, ಬೋಳು ತಲೆಯವರು, ಬೆನ್ನುನೋವಿನವರು. ಕಾಫಿ ಲೋಟ ಹಿಡಿದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಒಂದೇ ಕಥೆ: ಅದನ್ನು ಮಾರಬಾರದಿತ್ತು, ಇದು ಕೈಗೆ ಬಂದಾಗ ಬಿಡಬಾರದಿತ್ತು. ಹೆಂಡತಿ ಬಿಟ್ಟುಹೋದದ್ದನ್ನು ಎರಡು ಮಾತಿನಲ್ಲಿ ಮುಗಿಸುವವರು ಬಿಟ್ಟುಹೋದ ಕೋವಿಯ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಕಳೆದ ಸಲ ಅವರಲ್ಲೊಬ್ಬ ನನ್ನ ಕಡೆ ತಿರುಗಿ, "ನಿಮ್ಮದು ಯಾವುದು?" ಎಂದು ಕೇಳಿದ. ಒಂದು ಕೇಪಿನ ಕೋವಿ, ಬಾಯಿಂದ ಮದ್ದು ತುಂಬುವಂಥದ್ದು, ಕೈಗೆ ಬಂದಿತ್ತು, ಬಿಟ್ಟೆ ಎಂದೆ. "ರೇಟು ಜಾಸ್ತಿಯಾಯಿತೇ?" ಇಲ್ಲ, ಪುಕ್ಕಟೆ ಕೊಡುತ್ತಿದ್ದರು ಎಂದೆ. ಅವನು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದ. ಪಾಪ, ಅವನಿಗೆ ಪೂರ್ತಿ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಷ್ಟು ಮರ್ಯಾದೆಯಿಂದ ನೋಡುತ್ತಿರಲಿಲ್ಲ.

ನಾವಾಗ ಇದ್ದದ್ದು ಇದೇ ಊರಿನ ಒಂದು ನಾಲ್ಕಂತಸ್ತಿನ ಕಟ್ಟಡದಲ್ಲಿ, ಮೂರನೆಯ ಮಹಡಿ. ಎರಡು ಸಾವಿರದ ಇಸವಿಯ ಆಸುಪಾಸು. ಅಪ್ಪನಿಗೆ ಕಂಪನಿಗಳೇ ತುಂಬಿದ ಲಿಂಡ್‌ಹೋಲ್ಮೆನ್‌ನಲ್ಲಿ ಕೆಲಸ. ದಿನವಿಡೀ ಇಂಗ್ಲಿಷಿನಲ್ಲೇ ಕಳೆಯುತ್ತಿದ್ದರಿಂದ ಸ್ವೀಡಿಷ್ ಕಲಿಯುವ ಗೋಜಿಗೆ ಹೋಗಿರಲಿಲ್ಲ. ಅವ್ವ ಕಲಿಯುತ್ತಿದ್ದಳು, ಆದರೆ ಅಂಗಡಿಯ ಹುಡುಗಿಯ ಮುಂದೆ ಬಾಯಿ ಕಟ್ಟಿಹೋಗುತ್ತಿತ್ತು. ಹೀಗಾಗಿ ಎಂಟನೇ ವಯಸ್ಸಿಗೆ ಬಂದ ನಾನೇ ಮನೆಯ ನಾಲಿಗೆ. ಕಮ್ಯೂನಿನಿಂದ, ಅಂದರೆ ಇಲ್ಲಿನ ನಗರಸಭೆಯಿಂದ ಬಂದ ಕಾಗದ, ಡಾಕ್ಟರ ಫೋನು, ಬಟ್ಟೆ ಒಗೆಯುವ ಕೋಣೆಯ ಸರದಿಯ ಜಗಳ, ಎಲ್ಲಕ್ಕೂ ನಾನು. ಆ ಕಾಗದಗಳನ್ನೆಲ್ಲ ಓದಿ ಓದಿ ನನಗೊಂದು ಕಾಯಿಲೆ ಅಂಟಿತು: ಹೆದರಿಕೆ. ಬೇರೆ ಮಕ್ಕಳು ಕತ್ತಲೆಗೆ ಹೆದರಿದರೆ ನಾನು ಕಂದು ಬಣ್ಣದ ಕವರಿಗೆ ಹೆದರುತ್ತಿದ್ದೆ. ಕಾಯಂ ಆಗಿ ಇಲ್ಲಿರಲು ನಾವು ಅರ್ಜಿ ಹಾಕಿದ್ದೆವು. "ಒಂದು ಸಣ್ಣ ತಪ್ಪಾದ್ರೂ ವಾಪಸ್ ಕಳಿಸ್ತಾರೆ" ಎಂದು ಅಪ್ಪ ಒಮ್ಮೆ ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅಪ್ಪ ಅದನ್ನು ಮರುದಿನಕ್ಕೆ ಮರೆತಿದ್ದರು. ನಾನು ಟ್ರ್ಯಾಮಿನಲ್ಲಿ ಸೀಟಿನ ಮೇಲೆ ಕಾಲು ತಾಗಿದರೂ ಅರ್ಜಿ ಹೋಯಿತು ಎಂದುಕೊಳ್ಳುತ್ತಿದ್ದೆ.

ಅಜ್ಜಿ ತೀರಿಕೊಂಡ ಮೇಲೆ ಅಪ್ಪ ತಾತನನ್ನು ಕೊಡಗಿನಿಂದ ಕರೆಸಿಕೊಂಡರು. ತಾತ ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ನೇರ ಬೆನ್ನು, ಎರಡು ಕಿವಿಯಲ್ಲೂ ಬಿಳಿ ಕೂದಲು, ಇಂಗ್ಲಿಷ್ ಎಂದರೆ ಪರೇಡಿನ ಐದಾರು ಆಜ್ಞೆ ಮಾತ್ರ. ಹೊರಡುವ ಗಡಿಬಿಡಿಯಲ್ಲಿ ಮನೆಯ ಜೋಡುನಳಿಗೆ ಕೋವಿಯನ್ನು ಸಿದ್ದಾಪುರದ ಕಡೆಯ ಒಬ್ಬ ತೋಟದ ಸಾಹುಕಾರನಿಗೆ ಮಾರಿಬಿಟ್ಟಿದ್ದರು. ಇಟ್ಟುಕೊಂಡು ಏನು ಮಾಡ್ತೀರಿ, ತುಕ್ಕು ಹಿಡಿಯುತ್ತೆ ಎಂದು ಫೋನಿನಲ್ಲಿ ಅವಸರ ಮಾಡಿದ್ದು ಅಪ್ಪ. ಕೋವಿಯಿಲ್ಲದ ಮನೆ ಎಂದರೆ ನಮ್ಮವರಿಗೆ ಏನು ಎಂದು ಬೇರೆ ಊರಿನವರಿಗೆ ಹೇಳುವುದು ಕಷ್ಟ. ಗಂಡು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಆಕಾಶಕ್ಕೆ ಹಾರಿಸುತ್ತಾರೆ. ಕೇಳಿದ ಊರವರು ಕೆಲಸ ಬಿಟ್ಟು ಹೊರಡುತ್ತಾರೆ. ಸೆಪ್ಟೆಂಬರಿನ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ. ತಾತ ಇಲ್ಲಿಗೆ ಬಂದ ಮೊದಲ ವರ್ಷ ಆ ದಿನ ಊಟದ ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿ, ಅದರ ಮೇಲೆ ಅವ್ವನ ಮೀನು ಕೊಯ್ಯುವ ಚಾಕು, ಬ್ರೆಡ್ಡಿನ ಚಾಕು, ಅಪ್ಪನ ಡ್ರಿಲ್ಲಿಂಗ್ ಮಿಷಿನ್ನು ಇಟ್ಟು, ಅಂಗಳದಲ್ಲಿ ಕದ್ದ ಡೇಲಿಯಾ ಏರಿಸಿದರು. ಡ್ರಿಲ್ಲಿಂಗ್ ಮಿಷಿನ್ನಿಗೆ ಕೈ ಮುಗಿಯುವಾಗ ನನಗೆ ನಗು ತಡೆಯಲಾಗಲಿಲ್ಲ. ತಾತ ಬೈಯಲಿಲ್ಲ. "ನಗು ಕುಂಞಿ, ನಗು. ನಾನು ಸತ್ತಾಗ ಇದನ್ನೇ ಎರಡು ಸಲ ಗುರ್ ಅನ್ನಿಸಿಬಿಡಿ" ಎಂದರು. ಆಮೇಲೆ ಹಬ್ಬಕ್ಕೆ ಮಾಡಿದ ಅಕ್ಕಿತರಿಯ ಕಡಂಬುಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಕೆಳಗಿನ ಮಹಡಿಯಲ್ಲಿ ಮಾರ್ಗಿಟ್ ಇದ್ದಳು. ಎಪ್ಪತ್ತೈದು ದಾಟಿದ ವಿಧವೆ, ಜತೆಗೊಂದು ದಡೂತಿ ಬೆಕ್ಕು. ಅವಳ ಗಂಡ ಬೇಟೆಗಾರ; ಅವನು ಸತ್ತ ಮೇಲೆ ಒಳ್ಳೆಯ ಕೋವಿಗಳೆಲ್ಲ ಮಾರಾಟವಾಗಿ, ಬಾಗಿಲ ಎದುರಿನ ಗೋಡೆಯಲ್ಲಿ ಒಂದೇ ಒಂದು ಉಳಿದಿತ್ತು. ಒಂದು ದಿನ ಬಟ್ಟೆಯ ಬುಟ್ಟಿ ಹಿಡಿದು ನಾನೂ ತಾತನೂ ಇಳಿಯುವಾಗ ಅವಳ ಬಾಗಿಲು ತೆರೆದಿತ್ತು, ತಾತ ಮೆಟ್ಟಿಲ ಮೇಲೆ ನಿಂತುಬಿಟ್ಟರು. "ಕೇಪಿನ ಕೋವಿ! ಕೇಳು, ಯಾಕೆ ಹೀಗೆ ತುಕ್ಕು ಹಿಡಿಸಿದ್ದಾಳೆ?" ನಾನು ಅದನ್ನು ಸ್ವಲ್ಪ ಮೃದು ಮಾಡಿ ಕೇಳಿದೆ. ಮಾರ್ಗಿಟ್, "ಒರೆಸಲು ಬರುವವರು ಒರೆಸಲಿ" ಎಂದಳು. ಅಲ್ಲಿಂದ ಶುರು. ಪ್ರತಿ ಗುರುವಾರ ನಾನು ಶಾಲೆಯಿಂದ ಬಂದ ಕೂಡಲೇ ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಳೆಯ ಬನಿಯನ್ನಿನ ಚೂರುಗಳನ್ನು ಕಿಸೆಗೆ ತುರುಕಿಕೊಂಡು ಹೊರಡುತ್ತಿದ್ದರು. ಅವಳು ಕಾಫಿ ಕಾಸಿ ದಾಲ್ಚಿನ್ನಿ ಬನ್ನು ಇಡುವಳು. ಇವರು ಮೇಜಿನ ಮೇಲೆ ಪೇಪರು ಹಾಸಿ ನಳಿಗೆಗೆ ಎಣ್ಣೆ ಹಾಕುವರು, ಕೇಪಿಗೆ ಬಡಿಯುವ ಕುದುರೆಯನ್ನು ಮೆಲ್ಲಗೆ ಎಳೆದು ಬಿಡುವರು, ಆ ಟಕ್ ಸದ್ದಿಗೆ ಇಬ್ಬರೂ ತಲೆಯಾಡಿಸುವರು. ಬೆಕ್ಕು ಮೇಜು ಹತ್ತಿದರೆ ತಾತ, "ಅಟೆನ್‌ಶನ್!" ಎನ್ನುವರು, ಮಾರ್ಗಿಟ್ ಹಲ್ಲಿನ ಸೆಟ್ಟು ಹಿಡಿದುಕೊಂಡು ನಗುವಳು. ಒರೆಸಿ ಮುಗಿಯಲು ಎರಡು ವಾರ ಸಾಕಿತ್ತು. ತಾತ ಅದನ್ನು ಒಂದು ವರ್ಷ ಒರೆಸಿದರು.

ಮಾತೆಲ್ಲ ನನ್ನ ಮೂಲಕ. ಹಂದಿ ಬೇಟೆ, ಕಡವೆಯಂಥ ಎಲ್ಕ್‌ನ ಬೇಟೆ, ಅಜ್ಜಿ ಸತ್ತದ್ದು, ಮಾರ್ಗಿಟ್‌ಳ ಗಂಡ ಸತ್ತದ್ದು. ಒಮ್ಮೆ ತಾತ ಎರಡು ಗುಂಡಿನ ಪದ್ಧತಿ ಹೇಳಿದರು. "ಮಾರಿದ್ದು ತಪ್ಪಾಯ್ತು ಅಂತ ಹೇಳು. ಹಾರಿಸೋದಕ್ಕೆ ಈ ಊರಲ್ಲಿ ಬಿಡೋದಿಲ್ಲ, ಗೊತ್ತು. ಹಾರಿಸದಿದ್ದರೂ ಬೇಡ, ಮಲಗಿಸಿದಾಗ ಪಕ್ಕದಲ್ಲಿ ಒಂದು ಕೋವಿ ಇದ್ದರೆ ಸಾಕಿತ್ತು. ಈಗ ಎಂಥ ಇದೆ? ಡ್ರಿಲ್ಲಿಂಗ್ ಮಿಷಿನ್ನು." ನಾನು ಹೇಳಿದೆ, ಅವತ್ತು ಸರಿಯಾಗಿಯೇ ಹೇಳಿದೆ. ಮಾರ್ಗಿಟ್ ಇನ್ನೊಂದು ಬನ್ನು ಅವರ ತಟ್ಟೆಗೆ ಹಾಕಿದಳು.

ಮುಂದಿನ ವರ್ಷ ಅಕ್ಟೋಬರಿನಲ್ಲಿ ಅವಳ ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಮೊಣಕಾಲು ಸೋತು ಮೆಟ್ಟಿಲು ಹತ್ತಲಾಗದೆ ಅವಳು ವೃದ್ಧರ ಮನೆಗೆ ಹೊರಟಿದ್ದಳು. ಕೋವಿ ಮೇಜಿನ ಮೇಲಿತ್ತು, ಪಕ್ಕದಲ್ಲಿ ಹೊಸ ಕ್ಯಾನ್ವಾಸ್ ಚೀಲ. ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡಳು. "ಹಳೆ ಕೋವಿಗಳ ವ್ಯಾಪಾರಿ ಬಂದಿದ್ದ. ಇಷ್ಟು ಹಳೆಯದನ್ನು ಮನೆಯಲ್ಲಿಡಲು ಲೈಸೆನ್ಸೇ ಬೇಡ ಅಂದ. ನನಗೇ ಕೊಡಿ ಅಂತ ಬೆನ್ನುಬಿದ್ದ, ಕೊಡಲಿಲ್ಲ. ನನ್ನ ಮಕ್ಕಳಿಗೆ ಇದರ ಗೊಡವೆ ಬೇಡ. ನಿನ್ನ ತಾತ ಇದನ್ನು ಮನೆಗೆ ತೆಗೆದುಕೊಂಡು ಹೋಗಲಿ. ಅವರದೇ ಆಗಿರಲಿ. ಹೇಳು ಅವರಿಗೆ."

"ಎಂಥ ಹೇಳ್ತಾಳೆ, ಕುಂಞಿ?" ಎಂದರು ತಾತ.

ನನಗೆ ಆಗ ಹದಿಮೂರು. ಆ ಒಂದು ಕ್ಷಣದಲ್ಲಿ ನನ್ನ ತಲೆಯೊಳಗೆ ಓಡಿದ್ದೆಲ್ಲ ಇವತ್ತಿಗೂ ಸಾಲಾಗಿ ನೆನಪಿದೆ. ತಾತ ಹೆಗಲಿಗೆ ಕೋವಿ ಹಾಕಿಕೊಂಡು ಮಡಿಕೇರಿ ಪೇಟೆಯಲ್ಲಿ ನಡೆದ ಹಾಗೆ ಟ್ರ್ಯಾಮು ಹತ್ತುತ್ತಾರೆ. ಯಾರೋ ಪೊಲೀಸರಿಗೆ ಫೋನು ಮಾಡುತ್ತಾರೆ. ಕಂದು ಬಣ್ಣದ ಕವರು ಬರುತ್ತದೆ. ಲೈಸೆನ್ಸ್ ಬೇಡ ಎಂದು ಆಗಷ್ಟೇ ಕಿವಿಯಾರೆ ಕೇಳಿದ್ದೆ, ಆದರೆ ಹೆದರುವವರಿಗೆ ಕೇಳಿಸಿದ್ದು ಸಾಕಾಗುವುದಿಲ್ಲ. ಹೆದರಿಕೆ ಒಂದೇ ಆಗಿದ್ದರೆ ಇಷ್ಟು ವರ್ಷದಲ್ಲಿ ನನ್ನನ್ನು ನಾನು ಕ್ಷಮಿಸುತ್ತಿದ್ದೆನೇನೋ. ನನ್ನ ಕ್ಲಾಸಿನ ಹುಡುಗಿಯರು ಮನೆಗೆ ಬಂದಾಗ ಆ ಮೂಲೆಯಲ್ಲಿ ಹೂವೇರಿಸಿದ ಕೋವಿ, ಅದಕ್ಕೆ ಕೈ ಮುಗಿಯುವ, ಕಿವಿಯಲ್ಲಿ ಕೂದಲಿರುವ ಮುದುಕ. ಅದು ನನಗೆ ಬೇಡವಾಗಿತ್ತು. ಗುರುವಾರಗಳೂ ಸಾಕಾಗಿದ್ದವು.

"ಇದನ್ನ ಪೊಲೀಸರಿಗೆ ಕೊಡಬೇಕಂತೆ ತಾತಾ. ನಮ್ಮಂಥ ಹೊರಗಿನವರು ಮನೇಲಿ ಇಟ್ಕೊಳ್ಳೋ ಹಾಗಿಲ್ಲವಂತೆ" ಎಂದೆ.

ತಾತನ ಮುಖ ಸಣ್ಣದಾಯಿತು. "ನಾನು ಕೇಳಲೇ ಇಲ್ಲವಲ್ಲ. ಕೇಳುವ ಮುಂಚೆಯೇ ಇಲ್ಲ ಅಂದಳಾ?" ಕೋವಿಯನ್ನು ತಮ್ಮ ಕಡೆ ಎಳೆದುಕೊಂಡು, "ಸರಿ. ಪೊಲೀಸರ ಕೈಗೆ ಹೋಗುವ ಮುಂಚೆ ಇನ್ನೊಂದು ಸಲ ಎಣ್ಣೆ ಹಾಕಿಕೊಡ್ತೇನೆ ಅಂತ ಹೇಳು" ಎಂದು ಕಿಸೆಯಿಂದ ಬನಿಯನ್ನಿನ ಚೂರು ತೆಗೆದರು.

ನಾನು ಮಾರ್ಗಿಟ್ ಕಡೆ ತಿರುಗಿ, "ಬೇಡವಂತೆ. ಊರಲ್ಲಿ ಇದಕ್ಕಿಂತ ಒಳ್ಳೆಯದು ಇದೆಯಂತೆ" ಎಂದೆ.

ಅವಳು, "ಮಾರಿಬಿಟ್ಟೆ ಅಂದಿದ್ದರಲ್ಲ?" ಎಂದಳು. ನಾನು ಭುಜ ಕುಣಿಸಿದೆ. ತಾತ ಆಗಲೇ ನಳಿಗೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮಗುವಿನ ಕಿವಿಯ ಹಿಂದೆ ಒರೆಸುವವರ ಹಾಗೆ ಒರೆಸುತ್ತಿದ್ದರು. ಅವಳು ಅದನ್ನೇ ನೋಡುತ್ತ, "ಹಾಗಾದರೆ ಮತ್ತೆ ಯಾಕೆ ಒರೆಸುತ್ತಿದ್ದಾರೆ?" ಎಂದು ಕೇಳಿದಳು. "ಅಭ್ಯಾಸ" ಎಂದೆ. ಮಾರ್ಗಿಟ್ "ಯಹಾ" ಎಂದಳು. ಸ್ವೀಡಿಷಿನಲ್ಲಿ 'ಓಹೋ' ಎನ್ನುವಂಥ ಆ ಪುಟ್ಟ ಶಬ್ದವನ್ನು ಸ್ವಲ್ಪ ತಣ್ಣಗೆ ಅಂದರೆ ಸಾಕು, ಬಾಗಿಲು ಹಾಕಿದ ಹಾಗೆ. ಆ ದಿನ ಬನ್ನುಗಳು ಹಾಗೇ ಉಳಿದವು. ತಾತ ಹೊರಡುವಾಗ ಅವಳಿಗೆ ಕೈ ಮುಗಿದರು, ಅವಳು ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. ಮನೆಯಲ್ಲಿ ಅಪ್ಪನಿಗೆ ತಾತ, "ಇಲ್ಲಿನ ಕಾನೂನು ಬಿಡುವುದಿಲ್ಲವಂತೆ" ಎಂದಾಗ ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ, "ಒಳ್ಳೆಯದೇ ಆಯ್ತು ಬಿಡಿ" ಎಂದರು. ಮರುವಾರ ವ್ಯಾಪಾರಿಯ ವ್ಯಾನು ಬಂದು ಹೋಯಿತು. ನಾನು ಕಿಟಕಿಯಿಂದ ನೋಡಿದೆ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅವತ್ತು ಮಧ್ಯಾಹ್ನ ಚೆನ್ನಾಗಿ ಹಸಿವಾಯಿತು.

ಏಪ್ರಿಲ್‌ನಲ್ಲಿ ತಾತ ಹೋದರು. ಬಚ್ಚಲಿನಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದವರು ಅಲ್ಲೇ ಕುಸಿದರು, ಅರ್ಧ ಮುಖದಲ್ಲಿ ನೊರೆ ಹಾಗೇ ಇತ್ತು. ಇಲ್ಲಿ ಸತ್ತವರೂ ಸರದಿ ಕಾಯಬೇಕು. ಸಂಸ್ಕಾರದ ದಿನ ಸಿಕ್ಕಿದ್ದು ಮೂರು ವಾರದ ಮೇಲೆ. ಆ ಮೂರು ವಾರದಲ್ಲಿ ಅಪ್ಪನಿಗೆ ಒಂದು ಹಟ ಹಿಡಿಯಿತು. ಊರಿನ ನೆಂಟರು ತಮ್ಮ ಕೋವಿ ಹಾರಿಸುತ್ತೇವೆ ಎಂದರೂ ಕೇಳಲಿಲ್ಲ. ತಾತ ಹೆಗಲಿಗೆ ಹಾಕಿಕೊಂಡು ತಿರುಗಿದ ಆ ಜೋಡುನಳಿಗೆಯದೇ ಎರಡು ಗುಂಡು ಹಾರಬೇಕು, ತಾನು ಫೋನಿನಲ್ಲಾದರೂ ಕೇಳಬೇಕು. ಸಿದ್ದಾಪುರದ ಸಾಹುಕಾರನ ನಂಬರು ಹುಡುಕಿ ಫೋನು ಹಚ್ಚಿದರು, ಸ್ಪೀಕರು ಹಾಕಿದರು. ಆ ಕಡೆಯಿಂದ ಒಳ್ಳೆಯ ಮನುಷ್ಯನ ದನಿ: "ಛೆ, ಎಂಥ ಕೆಲಸ ಆಯ್ತು ಸಾರ್. ಹಾರಿಸಬಹುದಿತ್ತು, ಆದ್ರೆ ಎಲೆಕ್ಷನ್ ಅಲ್ವಾ? ನಿಮ್ಮವರಿಗೆ ರಿಯಾಯಿತಿ ಉಂಟು, ಮುಗಿಯೋವರೆಗೆ ನಮ್ಮ ಲೈಸೆನ್ಸಿನ ಕೋವಿ ಸ್ಟೇಷನ್‌ನಲ್ಲಿ ಇಟ್ಟಿದೆ." ಅಪ್ಪ ನಕ್ಕರು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೆಂದು ನನಗೆ ತಿಳಿಯಲಿಲ್ಲ. "ಮಾರಿಸಿದ್ದು ನಾನೇ. ನಾನೇ ಅವಸರ ಮಾಡಿದ್ದು" ಎಂದು ಮೇಜಿಗೆ ಹಣೆ ಇಟ್ಟರು. ಅವ್ವ ಅವರ ಬೆನ್ನು ಸವರುತ್ತಿದ್ದಳು. ನಾನು ಎದುರಿಗೇ ಕೂತಿದ್ದೆ. ಹೇಳಬಹುದಿತ್ತು. ಪೂರ್ತಿ ಪಶ್ಚಾತ್ತಾಪವನ್ನು ಅಪ್ಪನೇ ಹೊತ್ತುಕೊಳ್ಳುತ್ತಿರುವಾಗ ನಡುವೆ ಬಾಯಿ ಹಾಕುವುದೇಕೆ ಎಂದು ಸುಮ್ಮನಿದ್ದೆ. ಆಮೇಲೂ ಸುಮ್ಮನಿದ್ದೆ. ಈಗ ಅಪ್ಪನೂ ಇಲ್ಲ, ಆ ಮನೆಯ ಬಾಗಿಲಿಗೆ ಬೇರೆ ಹೆಸರು.

ಸಂಸ್ಕಾರದ ದಿನ ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಪೆಟ್ಟಿಗೆಯ ಮೇಲೆ ಅವ್ವ ಬಿಳಿ ಹೂವಿಟ್ಟಿದ್ದಳು. ಪಕ್ಕದಲ್ಲಿ ಏನೂ ಇರಲಿಲ್ಲ. ನಾವು ಹನ್ನೊಂದು ಜನ, ಹೆಚ್ಚಿನವರು ಅಪ್ಪನ ಆಫೀಸಿನವರು. ಎಲ್ಲ ಮುಗಿದು ಹೊರಗೆ ಬಂದಾಗ ಮಾರ್ಗಿಟ್ ಕಂಡಳು. ಯಾರೋ ನೆರೆಯವರು ಹೇಳಿದ್ದರಂತೆ. ನಡೆಯಲು ಆಸರೆಯಾಗುವ ಚಕ್ರದ ಕೈಗಾಡಿ ತಳ್ಳಿಕೊಂಡು, ಕಪ್ಪು ಕೋಟು ತೊಟ್ಟು ಬಂದಿದ್ದಳು. ಅವಳು ನನ್ನ ಕೈ ಹಿಡಿದುಕೊಂಡಳು. ಆ ಕೈ ಎಷ್ಟು ಹಗುರವಾಗಿತ್ತೆಂದರೆ ಹಿಡಿದಂತೆಯೇ ಅನಿಸಲಿಲ್ಲ. "ಅವರಿಗೆ ನನ್ನ ಮೇಲೆ ಬೇಜಾರಾಗಿತ್ತೇ? ನಾನೇನಾದರೂ ತಪ್ಪು ಮಾತಾಡಿದೆನೇ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ತಲೆಯಾಡಿಸಿದಳು, ನಂಬಿದಳೋ ಇಲ್ಲವೋ. ಆಮೇಲೆ, "ನೀನಿಲ್ಲದಿದ್ದರೆ ನಾವಿಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ ಮಗೂ. ಥ್ಯಾಂಕ್ಸ್" ಎಂದಳು.

ಪರವಾಗಿಲ್ಲ ಎಂದೆ. ಶಾಲೆಯಲ್ಲಿ ಕಲಿಸಿದ್ದು ಹಾಗೇ.

ಅವಳು ಒದ್ದೆ ಜಲ್ಲಿಯ ಮೇಲೆ ಚಕ್ರಗಳನ್ನು ಕಷ್ಟಪಟ್ಟು ತಳ್ಳಿಕೊಂಡು ವೃದ್ಧರ ಮನೆಯ ವ್ಯಾನಿನ ಕಡೆಗೆ ಹೊರಟಳು. ಅಪ್ಪ ನನ್ನ ಪಕ್ಕ ಬಂದು ನಿಂತು, "ಏನಂದಳು ಆಕೆ?" ಎಂದು ಕೇಳಿದರು. "ಥ್ಯಾಂಕ್ಸ್ ಅಂದಳು" ಎಂದೆ. "ಒಳ್ಳೆ ಹೆಂಗಸು" ಎಂದರು ಅಪ್ಪ. ವ್ಯಾನಿನ ಡ್ರೈವರು ಅವಳನ್ನು ಮೆಲ್ಲಗೆ ಒಳಗೆ ಕೂರಿಸಿ, ಸೀಟಿನ ಬೆಲ್ಟು ಹಾಕಿ, ಕೈಗಾಡಿಯನ್ನು ಮಡಚಿ ಹಿಂದೆ ಇಟ್ಟ. ಅದು ತಿರುವಿನಲ್ಲಿ ಮರೆಯಾಗುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು, ಅಪ್ಪನ ಕೈ ನನ್ನ ತಲೆಯ ಮೇಲಿತ್ತು.